ಅಂಗೈ ಹತ್ತರಿ

ಪಾರ್ಸಲ್ ವಾಪಸು ಬಂದಾಗ ಇಮಾಂಬೀ ಹೆಂಚಿನ ಮುಂದಿದ್ದಳು. ರೊಟ್ಟಿ ಉಬ್ಬುವ ಹೊತ್ತು, ಏಳುವ ಹಾಗಿರಲಿಲ್ಲ. ಪೋಸ್ಟಿನವನು ಕೂಗಿದ್ದಕ್ಕೆ ಸೊಸೆ ಅಂಜುಮ್ ಹೋಗಿ ಸಹಿ ಹಾಕಿದಳು. ಬರುವಾಗ ಡಬ್ಬಿ ವೇಲಿನೊಳಗಿತ್ತು. ಹಾಲು ತರಲು ಹೋದ ಮಾವ ಇನ್ನೂ ಬಂದಿರಲಿಲ್ಲ. ಆದರೂ ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಅದನ್ನು ಹಿಟ್ಟಿನ ಡಬ್ಬದ ಹಿಂದೆ ತಳ್ಳಿದಳು.

“ಮತ್ತೆ ಬಂತಾ?”

“ಹೂಂ ಅತ್ತೆ. ಧಾರವಾಡದ್ದು.”

“ಏನಂತೆ?”

“ಮೊನ್ನೆನೇ ಫೋನ್ ಮಾಡಿದ್ರು. ಕೆಲ್ಸ ಭಾಳ ಚೆನ್ನಾಗೈತೆ, ಆದ್ರೆ ನಮಗೆ ಬ್ಯಾಡ ಅಂದ್ರು.”

“ಚೆನ್ನಾಗಿದ್ರೆ ಬ್ಯಾಡ ಯಾಕಂತೆ? ಹೆಣ್ಣು ನೋಡಿ ಹೋದೋರು ಹೇಳೋ ಮಾತಿದ್ದಂಗೈತಲ್ಲ.”

ಅಂಜುಮ್‌ಗೆ ನಗು ಬಂತು. ಇಮಾಂಬೀಗೆ ಬರಲಿಲ್ಲ. ರೊಟ್ಟಿ ಒಂದು ಕಡೆ ಕಪ್ಪಾಗಿತ್ತು.

ಡಬ್ಬಿಯೊಳಗಿದ್ದದ್ದು ಒಂದು ಹತ್ತರಿ. ಬಡಗಿಗಳು ಎರಡು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ತಳ್ಳುವ ಮೊಳದುದ್ದದ ಹತ್ತರಿಯಲ್ಲ; ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ವೀಣೆ, ಪಿಟೀಲು ಮಾಡುವವರಿಗೆ ಅಂಥದ್ದು ಬೇಕು. ವೀಣೆಯ ದುಂಡನೆಯ ಬುರುಡೆಯ, ಅಂದರೆ ಕೊಡದ, ಒಳಮೈ ಕೆತ್ತಿ ತೆಳುಮಾಡುವಾಗ ಚಪ್ಪಟೆ ತಳದ ಹತ್ತರಿ ನಡೆಯುವುದಿಲ್ಲ, ತಳ ಹೊಟ್ಟೆಯ ಹಾಗೆ ಉಬ್ಬಿರಬೇಕು. ಅಲಗು ಉಗುರಿನಷ್ಟು ಅಗಲ. ಇಮಾಂಬೀಯ ಗಂಡ ಬುಡನ್ ಸಾಬರು ತಳಕ್ಕೆ ಹಿತ್ತಾಳೆ ಕೂರಿಸಿ, ಮೈಗೆ ಹಳೆಯ ಲಾರಿ ಬಾಡಿಯಿಂದ ಬಿಚ್ಚಿದ ಹೊನ್ನೆಮರ ಹಾಕಿ, ಹಿಂಭಾಗವನ್ನು ಅಂಗೈಗೆ ಒರಗುವ ಹಾಗೆ ದುಂಡಗೆ ಮಾಡಿ, ಮೇಲೆ ತೋರುಬೆರಳು ಕೂರಲು ಒಂದು ಗುಳಿ ತೋಡುತ್ತಿದ್ದರು. ನೋಡಿದವರು ಒಮ್ಮೆ ಕೈಗೆತ್ತಿಕೊಳ್ಳದೆ ಬಿಡುತ್ತಿರಲಿಲ್ಲ.

ಬುಡನ್ ಸಾಬರ ಅಪ್ಪ ಹಿರಿಯೂರಿನ ಮನೆಮನೆಗೆ ಹೋಗಿ ಹಾಸಿಗೆಯ ಹತ್ತಿ ಹಿಂಜುತ್ತಿದ್ದವರು. ಮಗ ಹೆದ್ದಾರಿ ಪಕ್ಕದ ಲಾರಿ ಬಾಡಿ ಶೆಡ್ಡಿಗೆ ಸೇರಿ ಬಡಗಿಯಾದರು. ಅವರ ಮಗ ತೌಹೀದ್ ಹುಟ್ಟುವ ಮೊದಲೇ ಬಲಗೈ ತೋರುಬೆರಳಿನ ಅರ್ಧ ಅಲ್ಲಿಯ ಗರಗಸಕ್ಕೆ ಹೋಗಿತ್ತು. ಮನೆಯವರಿಗೆ ಆ ಬೆರಳು ಮನೆಯ ಗೋಡೆಯಿದ್ದ ಹಾಗೆ, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ತೌಹೀದ್ ಚಿಕ್ಕವನಿದ್ದಾಗ ಆ ಮೋಟುಬೆರಳು ಹಿಡಿದುಕೊಂಡೇ ಶಾಲೆಗೆ ಹೋದವನು. ಅವನ ಮುಷ್ಟಿಗೆ ಅದೇ ಸರಿಯಾಗಿತ್ತು.

ಲಾರಿಗಳಿಗೆ ಕಬ್ಬಿಣದ ಬಾಡಿ ಬಂದು ಶೆಡ್ಡು ಮುಚ್ಚಿತು. ಆಮೇಲೆ ಚಿತ್ರದುರ್ಗದ ವೀಣೆ ಕೆಲಸದ ಪ್ರಭುಲಿಂಗ ಹಳೇ ಮರ ಹುಡುಕಿಕೊಂಡು ಬಂದವನು, “ಇಂಥದ್ದೊಂದು ಹತ್ತರಿ ಮಾಡ್ಕೊಡ್ತೀರಾ?” ಎಂದು ಕೇಳಿದ. ಮಾಡಿಕೊಟ್ಟರು. ಅವನು ಮತ್ತೆ ಮತ್ತೆ ಕೊಂಡ. ಬಿ.ಎ. ಓದಿದ ಅಂಜುಮ್ ಫೋಟೋ ತೆಗೆದು ಫೋನಿನಲ್ಲಿ ಹಾಕಿದ ಮೇಲೆ ದೂರದೂರಿನವರೂ ತರಿಸಿಕೊಂಡರು. ತರಿಸಿಕೊಂಡವರು ಈಗ ಒಬ್ಬೊಬ್ಬರಾಗಿ ವಾಪಸು ಕಳಿಸುತ್ತಿದ್ದರು.

ಅವತ್ತು ತೌಹೀದ್ ಊಟಕ್ಕೆ ಬಂದಾಗಲೇ ಅವನ ಮುಖ ಏನೋ ಹೇಳುವ ಹಾಗಿತ್ತು. ಅವನು ಕನಕರಾಜ್ ಎಂಬವರ ಅಂಗಡಿಯಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸಕ್ಕಿದ್ದ.

“ಕನಕಣ್ಣ ಅಂಗಡಿ ಮುಚ್ತಾರಂತೆ. ಮುಂದಿನ ತಿಂಗಳು ಮಗಳ ಹತ್ರ ಶಿರಾಕ್ಕೆ ಹೋಗ್ತಾರೆ.”

“ಅಯ್ಯೋ, ನಿನ್ ಗತಿ?” ಎಂದಳು ಇಮಾಂಬೀ.

“ಗತಿ ಏನಮ್ಮ, ಒಳ್ಳೇದೇ ಆತು. ಗಿರಾಕಿ ಎಲ್ಲಾ ನನಗೇ ಗೊತ್ತು. ನಾನೇ ಒಂದು ಅಂಗಡಿ ಇಟ್ರೆ ಅಷ್ಟೂ ಜನ ಇಲ್ಲಿಗೇ ಬರ್ತಾರೆ. ನಮ್ಮ ಮುಂದಿನ ರೂಮು ರೋಡಿಗೇ ಐತೆ.”

ಬುಡನ್ ಸಾಬರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಮುಂದಿನ ರೂಮ್ನಾಗೆ ನಾನು ಕುಂತಿದೀನಲ್ಲಪ್ಪ.”

“ಹಿಂದ್ಗಡೆ ಜಗಲಿ ಐತೆ.”

“ಜಗಲಿ ಮ್ಯಾಲೆ ಸೌದೆ ಐತೆ.”

“ಸೌದೆ ತೆಗೆದ್ರಾತು.”

“ಅಲ್ಲಿ ಬೆಳಕಿಲ್ಲ.”

“ಬೆಳಕ್ನಾಗೆ ಮಾಡಿದ್ದೂ ವಾಪಸ್ ಬರ್ತಾ ಐತಲ್ಲಪ್ಪ.”

ಇಮಾಂಬೀ ಸೌಟನ್ನು ಪಾತ್ರೆಗೆ ಜೋರಾಗಿಯೇ ಬಡಿದಳು. “ಉಣ್ಣೋವಾಗ ಬ್ಯಾಡ.”

“ಮಾತಾಡ್ಲಿ ಬಿಡು,” ಎಂದರು ಬುಡನ್ ಸಾಬರು. “ಎರಡು ವಾಪಸ್ ಬಂದವೆ, ಹೌದು. ಒಂದ್ರಾಗೆ ಅಲಗು ಮೆತ್ತಗಿತ್ತು, ಒಪ್ಕಂತೀನಿ. ಇನ್ನೊಂದು ಮಳೆಗೆ ಮರ ಉಬ್ಬಿತ್ತು. ಈಗ ಧಾರವಾಡಕ್ಕೆ ಕಳ್ಸಿರೋದ್ರಾಗೆ ಏನೂ ಐಬಿಲ್ಲ. ಅದೂ ವಾಪಸ್ ಬಂದ್ರೆ ಪೆಟ್ಟಿಗೆ ಎತ್ಕಂಡು ನಾನೇ ಎದ್ದೋಗ್ತೀನಿ. ಇನ್ನೊಂದು ಹತ್ತರಿ ಮುಟ್ಟಲ್ಲ. ರೂಮು ನಿಂದು.”

“ಮಾತಂದ್ರೆ ಮಾತು?”

“ಲೇ, ನಾನ್ಯಾವತ್ತಲೇ ಮಾತು ತಪ್ಪೀನಿ?”

ಇಮಾಂಬೀ ಸೊಸೆಯ ಕಡೆ ನೋಡಿದಳು. ಅಂಜುಮ್ ಹಿಟ್ಟಿನ ಡಬ್ಬದ ಕಡೆ ನೋಡದೆ ಎಲ್ಲರಿಗೂ ಉಪ್ಪಿನಕಾಯಿ ಬಡಿಸಿದಳು.

ಪಾತ್ರೆ ತೊಳೆಯುವಾಗ ಅವಳು ಕೇಳಿದಳು: “ನೀವು ಹೇಳ್ತೀರಾ ಅತ್ತೆ, ನಾನು ಹೇಳ್ಲಾ?”

“ಯಾರೂ ಹೇಳೋದು ಬ್ಯಾಡ. ಯಾಕೆ ವಾಪಸ್ ಬರ್ತಾವೆ ಅಂತ ಮೊದ್ಲು ಗೊತ್ತಾಗ್ಲಿ.” ಇಮಾಂಬೀ ತಟ್ಟೆಯನ್ನು ಬೂದಿ ಹಾಕಿ ತಿಕ್ಕಿದಳು. “ರೂಮು ಹೋದ್ರೆ ಹೋಗ್ಲಿ. ಈಯಪ್ಪ ಕೆಲ್ಸ ಬಿಟ್ರೆ ದಿನಪೂರ್ತಿ ನನ್ನ ಒಲೆ ಮುಂದೆ ಕುಂತ್ಕಂತಾರೆ. ಅದನ್ನ ಯಾರು ತಡ್ಕಳೋರು?”

ಹಾಗೆ ಹೇಳಿದಳೇ ಹೊರತು, ಅವಳಿಗೆ ಭಯವಿದ್ದದ್ದು ಬೇರೆ. ಶೆಡ್ಡು ಮುಚ್ಚಿದ ವರ್ಷ ಗಂಡ ಮಾತಿಲ್ಲದೆ ಗೋಡೆ ನೋಡಿಕೊಂಡು ಕೂತದ್ದನ್ನು ಅವಳು ಕಂಡಿದ್ದಳು. ಅದನ್ನು ಇನ್ನೊಮ್ಮೆ ಕಾಣಲು ಅವಳಿಗೆ ಮನಸ್ಸಿರಲಿಲ್ಲ.

ಹತ್ತರಿಯ ಕೆಲಸವೆಲ್ಲ ಮುಂದಿನ ಕೋಣೆಯದಾದರೆ ಅಲಗಿನ ಹದ ಮಾತ್ರ ಅಡಿಗೆಮನೆಯದು. ಹಳೇ ಗರಗಸದಿಂದ ಕತ್ತರಿಸಿದ ಅಲಗನ್ನು ಕೆಂಪಗೆ ಕಾಯಿಸಿ ಹೊಂಗೆ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಮುರಿಯುತ್ತದೆ. ಆಮೇಲೆ ರೊಟ್ಟಿ ಮುಗಿದ ಹೆಂಚಿನ ಮೇಲೆ ಮರಳು ಹಾಸಿ, ಸಣ್ಣ ಉರಿಯಲ್ಲಿ ಇನ್ನೊಮ್ಮೆ ಕಾಯಿಸಬೇಕು. ಉಜ್ಜಿದ ಅಲಗಿನ ಮೇಲೆ ತಿಳಿ ಹಳದಿ ಬರುತ್ತದೆ, ಆಮೇಲೆ ಹೊಂಬಣ್ಣ. ನೀಲಿಗೆ ತಿರುಗಿದರೆ ಅಲಗು ಕೆಟ್ಟಂತೆ. ಬುಡನ್ ಸಾಬರ ಕಣ್ಣಿಗೆ ಈಗ ಬಣ್ಣದ ಸೂಕ್ಷ್ಮ ತಿಳಿಯುತ್ತಿರಲಿಲ್ಲ. ಜೀವಮಾನವೆಲ್ಲ ಶೇಂಗಾ ಹುರಿದ ಇಮಾಂಬೀ ಕಣ್ಣೇ ಅದಕ್ಕೆ ಆಧಾರ.

“ತೆಗೀಲಾ?” ಬುಡನ್ ಸಾಬರ ಕೈಯಲ್ಲಿ ಚಿಮ್ಮಟ ಸಿದ್ಧವಾಗಿತ್ತು.

“ತಡೀರಿ.”

“ಈಗ?”

“ತಡೀರಿ ಅಂದ್ನಲ್ಲ. ತೌಹೀದ್ ಹುಟ್ಟೋವಾಗ್ಲೂ ಬಾಗ್ಲ ಹೊರಗೆ ಹಿಂಗೇ ಕುಣೀತಿದ್ರಿ.”

“ಅವಾಗ ನೀನು ಇಷ್ಟು ತಡ ಮಾಡ್ಲಿಲ್ಲ.”

“ಹೂಂ. ತೆಗೀರಿ.”

ಅಲಗು ಹೊರಗೆ ಬಂತು, ಬೆಲ್ಲದ ಪಾಕದ ಬಣ್ಣ. ಅವರು ಅದನ್ನು ತಿರುಗಿಸಿ ನೋಡುತ್ತ ಕೇಳಿದರು, “ಧಾರವಾಡದೋರು ಏನಾದ್ರೂ ಅಂದ್ರಾ?”

“ಕೆಲ್ಸ ಭಾಳ ಚೆನ್ನಾಗೈತೆ ಅಂದ್ರಂತೆ.”

ಅದು ಸುಳ್ಳಲ್ಲ. ಸಂಜೆ ಬುಡನ್ ಸಾಬರು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಎಲ್ಲರೂ ತಿಂದರು. ಇಮಾಂಬೀ ತನ್ನ ಮಿರ್ಚಿಯನ್ನು ಮಗನ ತಟ್ಟೆಗೆ ಹಾಕಿದಳು.

ಮರುವಾರ ಅವಳು ಕನ್ನಡಕದ ನೆಪ ಹೇಳಿ ಸೊಸೆಯನ್ನು ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು. “ಹೆಂಗೂ ಹೋಗ್ತೀಯ, ಪ್ರಭುಲಿಂಗನಿಗೆ ಇದನ್ನ ಕೊಟ್ಟು ಬಾ,” ಎಂದು ಬುಡನ್ ಸಾಬರು ಹೊಸ ಹತ್ತರಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವಳಿಗೂ ಬೇಕಾಗಿದ್ದದ್ದು ಅದೇ. ಅಷ್ಟು ಹತ್ತರಿ ಕೊಂಡು ಒಂದನ್ನೂ ವಾಪಸು ಮಾಡದವನು ಅವನೊಬ್ಬನೇ.

ಪ್ರಭುಲಿಂಗನ ಮನೆ ಕೋಟೆಗೆ ಹೋಗುವ ದಾರಿಯ ಒಂದು ಸಂದಿಯಲ್ಲಿತ್ತು. ಹಿತ್ತಲಿನ ತಗಡಿನ ಚಪ್ಪರವೇ ಕೆಲಸದ ಜಾಗ. ಹಲಸಿನ ಮರದ ವಾಸನೆ. ಅವನು ಅರ್ಧ ಕೆತ್ತಿದ ಕೊಡವನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದವನು ಗಡಬಡಿಸಿ ಎದ್ದ.

“ಬರ್ರಿ ಬರ್ರಿ, ಕುಂತ್ಕಳ್ರಿ. ಜಯಾ, ಯಾರು ಬಂದಾರೆ ನೋಡು!”

ಅವನ ಹೆಂಡತಿ ಜಯಶೀಲಾ ಚಾಪೆ ಹಾಸಿದಳು. ಇಮಾಂಬೀ ಕೂರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಗಂಡನ ಹತ್ತರಿಗಳೆಲ್ಲ ಸಾಲಾಗಿದ್ದವು. ನೋಡಿ ಖುಷಿಯಾಗಿ ಹತ್ತಿರ ಹೋದಳು. ಹತ್ತಿರ ಹೋದ ಮೇಲೆ ಖುಷಿ ನಿಂತಿತು. ಪ್ರತಿಯೊಂದಕ್ಕೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಒಂದರದ್ದನ್ನು ಬಿಚ್ಚಿದಳು. ಬೆರಳಿನ ಗುಳಿಯನ್ನು ಯಾರೋ ಅರದಿಂದ ಒರಟಾಗಿ ಉಜ್ಜಿ ಮುಂದಕ್ಕೆ ಎಳೆದಿದ್ದರು.

“ಏನಪ್ಪ ಇದು?”

ಪ್ರಭುಲಿಂಗ ತಲೆ ಕೆರೆದುಕೊಂಡ. “ಏನಿಲ್ಲಮ್ಮ. ನನ್ ಕೈಯೇ ಸ್ವಲ್ಪ ಅಂಕುಡೊಂಕು.”

“ಎಲ್ಲಾ ಹತ್ತರಿಗೂ ಹಿಂಗೇ ಮಾಡಿದೀಯ.”

“ಅಲಗು ಮಾತ್ರ ಇಂಥದ್ದು ಎಲ್ಲೂ ಸಿಗಲ್ಲಮ್ಮ, ಆಣೆ. ಬೆಣ್ಣೆ ಕೊಯ್ದಂಗೆ ಹೋಗುತ್ತೆ. ಹಿಡಿಯೋದು ಅಷ್ಟೇ…”

“ಹಿಡಿಯೋದು?”

ಅವನು ಕೊಡದ ಮೇಲಿನ ಮರದ ಪುಡಿ ಒರೆಸತೊಡಗಿದ. ಜಯಶೀಲಾ ಸುಮ್ಮನಿರುವವಳಲ್ಲ. “ಬೆರಳು ಮರಗಟ್ಟುತ್ತೆ ಅಂತಾರೆ ಕಣ್ರಿ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ನನ್ ಕೈಯೂ ಮರಗಟ್ತು. ಹೇಳ್ರಿ ಅವರಿಗೆ ಅಂದ್ರೆ, ಹಿರಿಯರು, ಪ್ರೀತಿಯಿಂದ ಮಾಡ್ತಾರೆ, ಹೆಂಗೆ ಹೇಳ್ಲಿ ಅಂತ ನನ್ ಮ್ಯಾಲೇ ರೇಗ್ತಾರೆ.”

“ಸುಮ್ನಿರೇ,” ಎಂದ ಪ್ರಭುಲಿಂಗ. ಮುಖ ಕೆಂಪಾಗಿತ್ತು. ಹೊಸ ಹತ್ತರಿಯನ್ನು ಕೊಳ್ಳುತ್ತೇನೆಂದು ಹಟ ಹಿಡಿದ. ಇಮಾಂಬೀ ಕೊಡಲಿಲ್ಲ, ಬಟ್ಟೆಯಲ್ಲಿ ಸುತ್ತಿ ವಾಪಸು ತಂದಳು.

ಬಸ್ಸಿನಲ್ಲಿ ಅವಳು ಹತ್ತರಿಯನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಇಷ್ಟು ವರ್ಷ ಅದರ ಅಲಗು ಕಾಯಿಸಿದ್ದಳೇ ಹೊರತು ಒಮ್ಮೆಯೂ ಕೆಲಸಕ್ಕೆ ಹಿಡಿಯುವ ಹಾಗೆ ಹಿಡಿದು ನೋಡಿರಲಿಲ್ಲ. ಅಂಗೈಗೆ ಹಿತವಾಗಿಯೇ ಒರಗಿತು. ಹೆಬ್ಬೆರಳು ಕೂತಿತು, ನಡುಬೆರಳು ಕೂತಿತು. ತೋರುಬೆರಳಿಗೆ ಮಾತ್ರ ಜಾಗವಿರಲಿಲ್ಲ. ಗುಳಿ ತೀರಾ ಹತ್ತಿರವಿತ್ತು. ಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಬೇಕು, ಇಲ್ಲವಾದರೆ ಗುಳಿ ದಾಟಿ ಮುಂದೆ ಚಾಚಿಕೊಳ್ಳುತ್ತಿತ್ತು. ಐಮಂಗಲದ ಹತ್ತಿರ ಬಸ್ಸು ಎತ್ತಿ ಹಾಕಿದಾಗ ಅವಳ ಬೆರಳು ಗೆಣ್ಣಿನ ಹತ್ತಿರ ಮಡಚಿತು. ಮಡಚಿದ ಗೆಣ್ಣು ಗುಳಿಯೊಳಗೆ ಸರಕ್ಕನೆ ಕೂತಿತು, ಅಳತೆ ತೆಗೆದು ಮಾಡಿದ ಹಾಗೆ.

ಅಳತೆ ತೆಗೆದೇ ಮಾಡಿದ್ದರು.

“ಅಂಜುಮ್, ಇದನ್ನ ಹಿಡಿ. ಹಂಗಲ್ಲ, ತೋರುಬೆರಳು ಅರ್ಧ ಮಡಚು. ಹೂಂ, ಈಗ ಇಡು.”

ಅಂಜುಮ್ ಇಟ್ಟಳು. ಬೆರಳು ನೋಡಿದಳು, ಅತ್ತೆಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. ನಕ್ಕಾದ ಮೇಲೆ ಇಮಾಂಬೀ ಹತ್ತರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಮನೆ ಮುಟ್ಟಿದೊಡನೆ ಅದನ್ನೂ ಹಿಟ್ಟಿನ ಡಬ್ಬದ ಹಿಂದೆ ಸೇರಿಸಿದಳು.

ಹೇಳಬೇಕು ಎಂದು ಇಮಾಂಬೀ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದಳು. ಟೀ ಕುಡಿದ ಮೇಲೆ ಹೇಳೋಣ ಅನ್ನಿಸುತ್ತಿತ್ತು. ಟೀ ಕುಡಿದ ಮೇಲೆ, ಶುಕ್ರವಾರ ನಮಾಜ್ ಮುಗಿಸಿ ಬರಲಿ ಅನ್ನಿಸುತ್ತಿತ್ತು. ಶುಕ್ರವಾರವೂ ಹೋಯಿತು. ಅಷ್ಟರಲ್ಲಿ ಅಂಜುಮ್ ಗಂಡನಿಗೆ ಹೇಳಿದಳು, ಯಾರಿಗೂ ಹೇಳಬೇಡ ಎಂದೂ ಹೇಳಿದಳು.

ತಿಂಗಳ ಕೊನೆಗೆ ತೌಹೀದ್ ಕನಕರಾಜರ ಅಂಗಡಿಯಿಂದ ತಂತಿಯ ಉಂಡೆಗಳನ್ನೂ ಒಂದು ಮೋಟಾರನ್ನೂ ತಂದು ಮುಂದಿನ ಕೋಣೆಯಲ್ಲಿಟ್ಟ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಬುಡನ್ ಸಾಬರು ಅವನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು.

“ಅಪ್ಪಾ, ತಾಮ್ರದ ತಂತಿ ಅದು! ಬೀದೀಲಿ ಇಡ್ತಾರಾ?”

“ನನ್ ರೂಮ್ನಾಗೆ ಇಡ್ತಾರಾ?”

“ಕುಂತ್ಕಳ್ರಿ ಇಬ್ರೂ, ಅನ್ನ ಆರ್ತಾ ಐತೆ,” ಎಂದಳು ಇಮಾಂಬೀ.

ಕೂತರು. ಸಾರು ಬಡಿಸಿದಳು. ಎರಡು ತುತ್ತು ಒಳಗೆ ಹೋದ ಮೇಲೆ ಬುಡನ್ ಸಾಬರು ಮತ್ತೆ ಶುರು ಮಾಡಿದರು. “ಮಾತು ಆಗಿತ್ತಲ್ಲ? ಧಾರವಾಡದ್ದು ವಾಪಸ್ ಬಂದ್ರೆ ಅಂತ. ಬಂತಾ?”

“ಬಂದೈತೆ.”

“ತೌಹೀದ್,” ಎಂದಳು ಅಂಜುಮ್.

“ಬಂದು ತಿಂಗಳಾಗ್ತಾ ಬಂತು! ಹಿಟ್ಟಿನ ಡಬ್ಬದ ಹಿಂದೆ ಐತೆ. ಅಮ್ಮಂಗೂ ಗೊತ್ತು. ಯಾಕೆ ಬಂತು ಅಂತ್ಲೂ ಗೊತ್ತು. ನಿನ್ ಅರ್ಧ ಬೆರಳಿಗೆ ಅಳತೆ ಮಾಡಿ ಊರಿಗೆಲ್ಲ ಕಳಿಸ್ತೀಯ. ಕೊಂಡೋರೆಲ್ಲ ಬೆರಳು ಕತ್ತರಿಸ್ಕಬೇಕೇನು?”

ತೌಹೀದನ ಕಿವಿ ಕೆಂಪಾಯಿತು. ಆಡಿದ ಮಾತು ಅವನಿಗೇ ಆಗ ಕೇಳಿಸಿದ ಹಾಗಿತ್ತು.

ಬುಡನ್ ಸಾಬರು ತಟ್ಟೆಯಿಂದ ಕೈಯೆತ್ತಿ ಕಣ್ಣ ಮುಂದೆ ಹಿಡಿದರು. ಸಾರು ಮೊಣಕೈಗೆ ಇಳಿಯಿತು. ಬೆರಳುಗಳನ್ನು ಒಂದು ಸಲ ಮಡಚಿದರು, ಬಿಡಿಸಿದರು.

“ಯಾರು ನೋಡಿದ್ದು ಇದನ್ನ?”

“ನಾನೇ,” ಎಂದಳು ಇಮಾಂಬೀ.

“ಯಾವಾಗ?”

“ದುರ್ಗಕ್ಕೆ ಹೋದಾಗ.”

“ಇಷ್ಟು ದಿನ ಹೇಳ್ಲಿಲ್ಲ.”

“ಹೆಂಗೆ ಹೇಳ್ಲಿ?”

“ಬಾಯಿಂದ.”

ಅನ್ನ ಪೂರ್ತಿ ಉಂಡರು. ತಟ್ಟೆ ತಾವೇ ತೊಳೆದಿಟ್ಟರು. ಆಮೇಲೆ ಮುಂದಿನ ಕೋಣೆಗೆ ಹೋಗಿ ಪೆಟ್ಟಿಗೆಗೆ ಅರ, ಉಳಿ, ಹಿತ್ತಾಳೆ ಚೂರು ಎಲ್ಲವನ್ನೂ ತುಂಬಿ ಹಿಂದಿನ ಜಗಲಿಗೆ ಸಾಗಿಸಿದರು. “ಇರ್ಲಿ ಬಿಡಪ್ಪಾ, ಸಿಟ್ಟಿಗೆ ಅಂದೆ,” ಎಂದು ತೌಹೀದ್ ಹಿಂದೆಯೇ ಓಡಾಡಿದ.

“ಸಿಟ್ಟಿಗಂದ್ರೂ ಖರೆನೇ ಅಂದೀಯ. ಆ ಕಡೆ ಹಿಡಿ, ಪೆಟ್ಟಿಗೆ ಭಾರ ಐತೆ.”

ಮುಂದಿನ ಕೋಣೆಯಲ್ಲಿ ಮೋಟಾರಿನ ಅಂಗಡಿ ಶುರುವಾಯಿತು. ಧರ್ಮಪುರದ ಕಡೆಯ ರೈತರು ಬೆಳಿಗ್ಗೆಯ ಬಸ್ಸಿಗೇ ಸುಟ್ಟ ಮೋಟಾರು ಹೊತ್ತು ಬಂದರು. ತೌಹೀದನ ಗಿರಾಕಿಗಳಿಗೆ ಟೀ ಕಾಸಿ ಕಾಸಿ ಅಂಜುಮ್‌ಗೆ ಬಿಡುವಿಲ್ಲದಾಯಿತು. ಬುಡನ್ ಸಾಬರು ಇಮಾಂಬೀ ಹೆದರಿದ್ದ ಹಾಗೆ ಗೋಡೆ ನೋಡಿಕೊಂಡು ಕೂರಲಿಲ್ಲ. ಅವಳು ಬಾಯಲ್ಲಿ ಆಡಿದ್ದೇ ನಿಜವಾಯಿತು: ಒಲೆಯ ಮುಂದೆ ಬಂದು ಕೂತರು.

“ಈರುಳ್ಳಿ ಅಡ್ಡ ಹೆಚ್ತೀಯಲ್ಲ, ಉದ್ದ ಹೆಚ್ಬೇಕು. ಎಳೆ ನೋಡ್ಕಂಡು.”

“ಇದು ಮರ ಅಲ್ಲ.”

“ಚಾಕು ಮೊಂಡ ಆಗೈತೆ, ತಾ ಇಲ್ಲಿ.”

ಚಾಕು ಮಸೆದರು. ಈಳಿಗೆಮಣೆ ಮಸೆದರು. ಪಕ್ಕದ ಮನೆಯ ಓಬಮ್ಮನ ಕುಡುಗೋಲು ತರಿಸಿಕೊಂಡು ಮಸೆದರು. ಮರುದಿನ ಬೆಳಿಗ್ಗೆ ಇಮಾಂಬೀ ಸೊಪ್ಪಿನ ಜೊತೆ ಬೆರಳನ್ನೂ ಕೊಯ್ದುಕೊಂಡಳು; ಓಬಮ್ಮನೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು, “ಸಾಬ್ರೇ, ಊರವರ ಬೆರಳೆಲ್ಲ ನಿಮ್ಮಂಗೇ ಆಗ್ಬೇಕು ಅಂತೀರೇನು?” ಎಂದು ಗದರಿದಳು. ಬುಡನ್ ಸಾಬರು ಜೋರಾಗಿ ನಕ್ಕರು. ಆ ಬೆರಳಿನ ಮೇಲೆ ಮನೆಯಲ್ಲಿ ಮೊದಲ ಸಲ ನಗೆಯಾಡಿದ್ದು ಅವತ್ತು.

ಅದಾಗಿ ಕೆಲವು ದಿನಕ್ಕೆ ಇಮಾಂಬೀ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಮುಂದುಗಡೆಯಿಂದ ತೌಹೀದ್ ಕೂಗಿದನೆಂದು ಕೈಯಲ್ಲಿದ್ದ ಉಂಡೆಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದು ಹೋದಳು. ಬರುವಾಗ ಅದು ಗಂಡನ ಕೈಯಲ್ಲಿತ್ತು.

“ಹಿಟ್ಟು ಮುಟ್ಟಬ್ಯಾಡ್ರಿ, ಕೈ ತೊಳೆದಿಲ್ಲ.”

“ತಡಿ. ನೋಡಿಲ್ಲಿ, ನಿನ್ ಕೈ.”

ಉಂಡೆಯ ಮೇಲೆ ಅವಳ ಹಿಡಿ ಹಾಗೇ ಉಳಿದಿತ್ತು. ಹೆಬ್ಬೆರಳಿನ ಹಳ್ಳ, ಅಂಗೈಯ ಉಬ್ಬಿಗೆ ತಗ್ಗು, ತೋರುಬೆರಳು ಚಾಚಿದ ಉದ್ದನೆಯ ಗೆರೆ. ಅವರು ತಮ್ಮ ಮೋಟುಬೆರಳನ್ನು ಆ ಗೆರೆಯ ಮೇಲಿಟ್ಟರು. ಗೆರೆ ಮುಂದಕ್ಕೆ ಹೋಗಿತ್ತು.

“ಇನ್ನೊಂದ್ಸಲ ಹಿಡಿ. ನಾದೋ ಹಂಗಲ್ಲ, ಹತ್ತರಿ ಹಿಡಿಯೋ ಹಂಗೆ.”

“ಮುಟ್ಟಲ್ಲ ಅಂತ ಮಾತು ಕೊಟ್ಟಿದ್ರಿ.”

“ಹತ್ತರಿ ಮುಟ್ಟಲ್ಲ ಅಂದೆ. ಹಿಟ್ಟು ಮುಟ್ಟಲ್ಲ ಅಂದೆನಾ?”

ಅವತ್ತು ಚಪಾತಿ ತಡವಾಯಿತು. ಮಾರನೆಯ ದಿನ ತೌಹೀದನೇ ಜಗಲಿಯ ಸೌದೆಯನ್ನು ಇನ್ನೊಂದು ಮೂಲೆಗೆ ಜೋಡಿಸಿ, ಮೇಲೊಂದು ಬಲ್ಬು ಹಾಕಿಕೊಟ್ಟ. ಹಾಕಿದ ಮೇಲೂ ಅಲ್ಲೇ ನಿಂತಿದ್ದ. ಕೈಯೆಲ್ಲ ಮೋಟಾರಿನ ತಂತಿಗೆ ಬಳಿಯುವ ವಾರ್ನಿಶ್.

“ಅಪ್ಪಾ, ಹತ್ತರಿ ಮುಟ್ಟಲ್ಲ ಅನ್ನೋದು ಬಿಟ್ಟಾಕು. ಅವತ್ತು ಬೆರಳಿನ ಮಾತು ನಾನು ಆಡಬಾರ್ದಿತ್ತು.”

“ಆಡ್ದೆ ಇದ್ರೆ ಇನ್ನೂ ಹಂಗೇ ಮಾಡ್ತಿದ್ದೆ ನಾನು.”

“ನನ್ ಕೈದೂ ಅಚ್ಚು ತಗಾ.”

“ನೀನು ವೀಣೆ ಮಾಡ್ತೀಯೇನಲೇ?”

“ದೊಡ್ಡ ಕೈಯೋರು ಕೇಳಿದ್ರೆ ಬೇಕಾಗುತ್ತಲ್ಲ.”

ಬುಡನ್ ಸಾಬರು ಹಿಟ್ಟಿನ ಉಂಡೆ ಕೊಟ್ಟು ಮಗನ ಮಣಿಕಟ್ಟು ಹಿಡಿದುಕೊಂಡರು. “ಅಷ್ಟು ಬಿಗಿ ಹಿಡೀಬ್ಯಾಡ. ಮೊಟ್ಟೆ ಹಿಡ್ದಂಗೆ ಹಿಡಿ.”

ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹಿಟ್ಟಿನ ಅಚ್ಚು ನೋಡಿ ಕೆತ್ತುತ್ತಿದ್ದರು. ಕೊನೆಗೆ ಅಭ್ಯಾಸಬಲದಿಂದ ಒಮ್ಮೆ ತಮ್ಮ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಇಲ್ಲಿ ಸ್ವಲ್ಪ ಒತ್ತುತ್ತದೆ ಎಂದು ಉಜ್ಜುತ್ತಿದ್ದರು. ಅಷ್ಟಕ್ಕೇ ಕೆಡುತ್ತಿತ್ತು. ಒಂದು ಕೆಟ್ಟಿತು, ಇನ್ನೊಂದೂ ಕೆಟ್ಟಿತು. ಕೊನೆಗೆ ಇಮಾಂಬೀ ಅರ ಕಿತ್ತುಕೊಂಡಳು. “ನಿಮ್ ಕೈನ ಕೇಳಬ್ಯಾಡ್ರಿ. ನನ್ನ ಕೇಳ್ರಿ.”

ಹತ್ತರಿ ಕೇಳಿದವರಿಗೆಲ್ಲ ಅಂಜುಮ್ ಫೋನಿನಲ್ಲಿ ಹೇಳಿದಳು: ಗೋಧಿ ಹಿಟ್ಟಿಗೆ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಹತ್ತರಿ ಹಿಡಿದಂತೆ ಹಿಡಿದು, ನೆರಳಲ್ಲಿ ಒಣಗಿಸಿ ಕಳಿಸಿ. ಕೆಲವರು ನಕ್ಕರು, ಕೆಲವರು ಕಳಿಸಿದರು. ಪ್ರಭುಲಿಂಗ ಎಲ್ಲರಿಗಿಂತ ಮೊದಲು ಕಳಿಸಿದ. ಆದರೆ ಅದನ್ನು ಜಗಲಿಯ ಮೇಲಿಟ್ಟದ್ದು ತಪ್ಪಾಯಿತು. ಓಬಮ್ಮನ ಆಡು ಬಂದು ತಿಂದುಹಾಕಿತು.

“ಪ್ರಭಣ್ಣ, ನಿಮ್ ಕೈ ಆಡು ತಿಂತು,” ಎಂದು ಅಂಜುಮ್ ಫೋನ್ ಮಾಡಿದಳು. “ಇನ್ನೊಂದು ಕಳ್ಸ್ರಿ.”

ಅವನಿಗೆ ಮಾಡಿದ ಹತ್ತರಿ ಮುಟ್ಟಿದ ಮೇಲೆ ಫೋನ್ ಬಂದದ್ದು ಜಯಶೀಲಾಳಿಂದ. ಪ್ಲಾಸ್ಟರ್ ಸುತ್ತಿಲ್ಲವಂತೆ. ಎಣ್ಣೆ ತಿಕ್ಕು ಎಂದೂ ಕರೆದಿಲ್ಲವಂತೆ. “ನನಗೂ ಬಿಡುವಾತು ಕಣ್ರಿ, ಸೀರಿಯಲ್ ನೋಡ್ತಿದೀನಿ,” ಎಂದಳು.

ಕಾರ್ತಿಕದ ಬಿಸಿಲು ಹಿತವಾಗಿದ್ದ ಒಂದು ಮಧ್ಯಾಹ್ನ ಇಮಾಂಬೀ ಜಗಲಿಯ ಮೇಲೆ ಹಲಸಿನ ತುಂಡನ್ನು ಪಾದಗಳ ನಡುವೆ ಇಟ್ಟುಕೊಂಡು ಹತ್ತರಿ ತಳ್ಳುತ್ತಿದ್ದಳು. ಮೈಸೂರಿನ ಕಡೆಯ ಒಬ್ಬ ಹೆಣ್ಣುಮಗಳು ಪಿಟೀಲು ಮಾಡುವವಳಂತೆ, ಅವಳು ಕಳಿಸಿದ ಹಿಟ್ಟಿನ ಅಚ್ಚು ಇಮಾಂಬೀ ಕೈಯಷ್ಟೇ ಇತ್ತು, ಅದಕ್ಕೇ ಅವಳ ಹತ್ತರಿಯನ್ನು ಇಮಾಂಬೀಯೇ ತಳ್ಳಿ ನೋಡುತ್ತಿದ್ದಳು. ಮರದ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳುವಾಗಿ ಸುರುಳಿ ಸುತ್ತಿ ಅವಳ ಸೀರೆಯ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಅಂಜುಮ್ ಡಬ್ಬಿಗೆ ಕಾಗದ ಹಾಸುತ್ತಿದ್ದಳು.

ಅಡಿಗೆಮನೆಯಿಂದ ಬುಡನ್ ಸಾಬರ ದನಿ ಬಂತು. “ಒಗ್ಗರಣೆಗೆ ಬೆಳ್ಳುಳ್ಳಿ ಎಷ್ಟು ಹಾಕ್ಲಿ?”

ಇಮಾಂಬೀ ತಳ್ಳುತ್ತಲೇ ಇದ್ದಳು. ಸುರುಳಿ ನಡುವೆ ತುಂಡಾಗಬಾರದು.

ತೌಹೀದ್ ಮುಂದಿನ ಕೋಣೆಯಿಂದ ಬಂದ. “ಅಮ್ಮ, ಊಟ?”

“ನಿಮ್ಮಪ್ಪನ್ನ ಕೇಳು. ನಂಗೆ ಕೆಲ್ಸ ಐತೆ.”

“ಇವತ್ತೂ ಅಪ್ಪನ ಸಾರೇ?” ತೌಹೀದ್ ಹೆಂಡತಿಯ ಮುಖ ನೋಡಿದ. ಅಂಜುಮ್ ಕಾಗದದ ಕಡೆ ನೋಡಿದಳು.

ಸುರುಳಿ ಮುಗಿಯಿತು. ಇಮಾಂಬೀ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಬೆರಳು ಮರಗಟ್ಟಿದೆಯೇ ಎಂದು ಕೈ ಬಿಡಿಸಿ ಮುಚ್ಚಿ, ಗಂಡನನ್ನು ಕರೆದಳು. ಬುಡನ್ ಸಾಬರು ಸೌಟು ಹಿಡಿದುಕೊಂಡೇ ಬಂದರು.

“ಹೆಂಗೈತೆ?”

“ನೋಡ್ರಿ ನೀವೇ.”

ಅವರು ಸೌಟನ್ನು ಎಡಗೈಗೆ ಬದಲಾಯಿಸಿ ಹತ್ತರಿ ತೆಗೆದುಕೊಂಡರು. ಅಂಗೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿದರು. ಮೋಟುಬೆರಳು ಗುಳಿಯನ್ನು ಮುಟ್ಟಲಿಲ್ಲ, ಹೆಬ್ಬೆರಳು ಜಾರಿತು, ಹತ್ತರಿ ಕೈಯಲ್ಲಿ ಅಪರಿಚಿತ ಮಗುವಿನ ಹಾಗೆ ಕೊಸರಿತು.

“ನಂಗಂತೂ ಎಲ್ಲೂ ಕೂರಲ್ಲ ಇದು,” ಎಂದರು.

“ಹಂಗಾದ್ರೆ ಪ್ಯಾಕ್ ಮಾಡೇ ಅಂಜುಮ್,” ಎಂದಳು ಇಮಾಂಬೀ.